ಮಗುವಿನ ಬಾಯಿಗೆ ಇಡುವ ಮೊದಲು ಒಂದು ಮಾತು ಕೇಳಿ

ನಮ್ಮ ಕೊಡಗಿನಲ್ಲಿ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ. ಜೊತೆಗೆ ಮಕ್ಕಳಿದ್ದರಂತೂ ಕೈಗೆ ಏನಾದರೂ ಕೊಡದೆ ಬಿಡುವವರೇ ಇಲ್ಲ. ನಾನೂ ಆ ಪ್ರೀತಿಯಲ್ಲೇ ಬೆಳೆದವಳು. ಆದರೂ ಒಂದು ವಿಷಯ ಕೇಳಿಕೊಳ್ಳುತ್ತೇನೆ. ಬೇರೆಯವರ ಮಗುವಿಗೆ ತಿನ್ನಿಸುವ ಮೊದಲು ಅದರ ಅಪ್ಪ ಅಮ್ಮನನ್ನು ಕೇಳಿ. ಅವರು ಬೇಡ ಅಂದರೆ, "ಇಷ್ಟೇ ಇಷ್ಟು ತಿಂದ್ರೆ ಏನಾಗಲ್ಲ ಬಿಡಿ" ಅನ್ನಬೇಡಿ. ಏನಾಗುತ್ತದೆ ಅಂತ ನಾವು ನೋಡಿದ್ದೇವೆ.

ನನ್ನ ಮಗಳಿಗೆ ಗೇರುಬೀಜದ ಅಲರ್ಜಿ. ಅವಳಿಗೆ ಒಂದೂವರೆ ವರ್ಷ ಆಗಿದ್ದಾಗ, ಹುತ್ತರಿ ಹಬ್ಬದ ಪಾಯಸದಲ್ಲಿ ಗೊತ್ತಾಯಿತು. ಎರಡು ಚಮಚ ತಿಂದು ಸ್ವಲ್ಪ ಹೊತ್ತಿಗೇ ತುಟಿ ಊದಿಕೊಂಡಿತು. ಕುತ್ತಿಗೆ, ಹೊಟ್ಟೆ ಮೇಲೆಲ್ಲ ಗಂಧೆ ಎದ್ದವು. ಅತ್ತೆ ಪಿತ್ತ ಇರಬೇಕು ಅಂತ ಕಂಬಳಿ ತಂದರು. ಹಿಂದಿನಿಂದ ಬಂದ ರೂಢಿ ಅದು, ಅವರದ್ದೇನೂ ತಪ್ಪಿಲ್ಲ. ಅಷ್ಟರಲ್ಲಿ ವಾಂತಿ, ಕೆಮ್ಮು ಶುರುವಾಯಿತು. ಉಸಿರಿನ ಜೊತೆ ಸುಂಯ್ ಅಂತ ಶಬ್ದ ಕೇಳಿದ್ದೇ ಗಂಡ ಜೀಪು ತೆಗೆದರು. ತೋಟದ ಮಣ್ಣು ದಾರಿ, ಆಮೇಲೆ ಬರೀ ತಿರುವುಗಳ ರಸ್ತೆ. ಆಸ್ಪತ್ರೆಯಲ್ಲಿ ಡಾಕ್ಟರ್ ಅವಳನ್ನು ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಅನ್ನುವ ಇಂಜೆಕ್ಷನ್ ಚುಚ್ಚಿದರು. ನಮ್ಮ ಕಣ್ಣೆದುರೇ ಉಸಿರು ಸಲೀಸಾಯಿತು. ಆದರೂ ಮನೆಗೆ ಕಳಿಸಲಿಲ್ಲ. ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದು, ರಾತ್ರಿ ಇಲ್ಲೇ ಇರಲಿ ಅಂದರು.

ಆಮೇಲೆ ಪರೀಕ್ಷೆಗಳ ಸರದಿ. ಯಾರೋ ಹೇಳಿದರು ಅಂತ ರಕ್ತ ಕೊಟ್ಟು ದೊಡ್ಡ ಪಟ್ಟಿಯ ಟೆಸ್ಟ್ ಮಾಡಿಸಿದೆವು. ಹಾಲು, ಗೋಧಿ, ಮೊಟ್ಟೆ ಎಲ್ಲದರ ಮುಂದೆಯೂ ಪಾಸಿಟಿವ್! ಮೈಸೂರಿನ ಅಲರ್ಜಿ ಡಾಕ್ಟರ್ ಅದನ್ನು ನೋಡಿ, "ಇವೆಲ್ಲ ದಿನಾ ತಿಂತಾಳಾ? ತಿಂದು ಆರಾಮಾಗಿದ್ದಾಳಾ? ಹಾಗಿದ್ರೆ ನಿಲ್ಲಿಸಬೇಡಿ" ಅಂದರು. ರಿಪೋರ್ಟ್‌ಗಿಂತ ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಅನ್ನುವುದೇ ಮುಖ್ಯವಂತೆ. ಗೇರುಬೀಜ ಮತ್ತು ಪಿಸ್ತಾ ಎರಡನ್ನೂ ನಿಲ್ಲಿಸಲು ಹೇಳಿದರು. ಎರಡೂ ಒಂದೇ ಸಸ್ಯ ಕುಟುಂಬದವು, ಒಂದು ಆಗದವರಿಗೆ ಇನ್ನೊಂದೂ ಆಗದಿರುವುದೇ ಜಾಸ್ತಿ. ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಿಗೆ ದೊಡ್ಡವರಾಗುತ್ತಾ ಹೋಗುತ್ತದೆ. ಗೇರುಬೀಜದ್ದು ಹೋಗುವುದು ಕಡಿಮೆ.

ಇದನ್ನೆಲ್ಲ ಕೇಳಿದ ಮೇಲೆ ಪಕ್ಕದ ಮನೆಯವರು ತಮ್ಮ ಪಾಪುವಿಗೆ ನೆಲಗಡಲೆ, ಮೊಟ್ಟೆ ಯಾವುದೂ ಬೇಡ ಅಂತ ನಿರ್ಧರಿಸಿಬಿಟ್ಟಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. 2015ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಹೊರಬಂತು. ಅಲರ್ಜಿ ಬರುವ ಸಂಭವ ಜಾಸ್ತಿ ಇದ್ದ 640 ಎಳೆ ಮಕ್ಕಳು ಅದರಲ್ಲಿದ್ದರು. ಚಿಕ್ಕಂದಿನಿಂದಲೇ ನೆಲಗಡಲೆ ತಿಂದ ಮಕ್ಕಳಲ್ಲಿ ಅದರ ಅಲರ್ಜಿ ತುಂಬಾ ಕಡಿಮೆಯಿತ್ತು. ದೂರ ಇಟ್ಟರೆ ರಕ್ಷಣೆ ಅನ್ನುವುದು ಹಳೆಯ ನಂಬಿಕೆ. ನುಣ್ಣಗೆ ಅರೆದು ಸ್ವಲ್ಪ ಸ್ವಲ್ಪ ಕೊಡಬೇಕು, ಇಡೀ ಬೀಜ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ತುಂಬಾ ಇಸುಬು ಇದ್ದರೆ ಅಥವಾ ಈಗಾಗಲೇ ಏನಾದರೂ ಅಲರ್ಜಿ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಇನ್ನು ಔಷಧಿ. ಸಿಟ್ರಿಜಿನ್ ಸಿರಪ್ ತುರಿಕೆಗೆ ಸರಿ. ಉಸಿರು ಕಟ್ಟಿದಾಗ ಅದನ್ನು ನಂಬಿ ಕೂರಬಾರದು. ಆಗ ಬೇಕಾದ್ದು ಅಡ್ರಿನಲಿನ್, ತೊಡೆಯ ಹೊರಭಾಗಕ್ಕೆ. ಬೇರೆ ದೇಶಗಳಲ್ಲಿ ಅದು ಪೆನ್ನಿನಂತೆ ಸಿಗುತ್ತದೆ. ಅದು ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಡಾಕ್ಟರ್ ನಮಗೆ ಆ ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ (ಆಂಪೂಲ್), ಸಿರಿಂಜ್ ಬರೆದುಕೊಟ್ಟು, ಮಗಳ ತೂಕಕ್ಕೆ ಎಷ್ಟು ಎಳೆಯಬೇಕು ಅಂತ ಕೈಹಿಡಿದು ಕಲಿಸಿದರು. ಕೊಟ್ಟ ಮೇಲೆ ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು, ಓಡಾಡಿಸಬಾರದು. ಉಸಿರಾಡಲು ಕಷ್ಟಪಡುತ್ತಿದ್ದರೆ ಮಾತ್ರ ಕೂರಿಸಬೇಕು. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ನಗರದವರಿಗೆ ಈ ಔಷಧಿ ಮನೆಯಲ್ಲಿಡುವುದು ಮುಂಜಾಗ್ರತೆ ಅಷ್ಟೇ ಇರಬಹುದು. ಜುಲೈ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟ್ ಹೋಗಿ, ನೆಟ್‌ವರ್ಕ್ ಇಲ್ಲದೆ 108ಕ್ಕೂ ಫೋನ್ ಹೋಗದ ನಮ್ಮಂಥ ಕಡೆ ಅದಿಲ್ಲದೆ ಆಗುವುದೇ ಇಲ್ಲ. ಲಸಿಕೆ ಹಾಕುವ ಕಡೆ ಅಡ್ರಿನಲಿನ್ ಇರಲೇಬೇಕು ಅನ್ನುವ ನಿಯಮವಿದೆ. ಹಾಗಾಗಿ ಇಂಥ ಮಗು ಮನೆಯಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ಹೋಗಿ ಮಾತಾಡಿ ಇಡಿ.

ಅಡುಗೆಯಲ್ಲಿ ನಮಗೆ ಅಷ್ಟು ಕಷ್ಟವಾಗಲಿಲ್ಲ. ಅಕ್ಕಿ ರೊಟ್ಟಿ, ಕಡಂಬಿಟ್ಟು, ನೂಪುಟ್ಟು, ಕಣಿಲೆ ಸಾರು, ಯಾವುದಕ್ಕೂ ಗೇರುಬೀಜ ಬೇಡ. ಭಯ ಇರುವುದು ಹೊರಗಡೆ. ಮದುವೆ ಮನೆಯ ತುಪ್ಪದನ್ನ, ಹೋಟೆಲಿನ ಬಿಳಿ ಗ್ರೇವಿ, ಬೇಕರಿಯ ಬಿಸ್ಕತ್ತು. ಮೇಲಿಂದ ಬೀಜ ತೆಗೆದು ಕೊಟ್ಟರೆ ಸಾಲದು, ಬೇಯಿಸಿದರೂ ಹೋಗುವುದಿಲ್ಲ. ಅದೇ ಸೌಟು ತಾಗಿದರೂ ಕೆಲವು ಮಕ್ಕಳಿಗೆ ಸಾಕು.

ಮಡಿಕೇರಿ, ಕುಶಾಲನಗರದಲ್ಲಿ ಹೋಂಮೇಡ್ ಚಾಕೊಲೇಟ್ ಮಾರುವವರಲ್ಲೂ ಒಂದು ಮನವಿ. ಪ್ಯಾಕ್ ಮಾಡಿದ ತಿಂಡಿಯಲ್ಲಿ ಬೀಜಗಳು, ಹಾಲು, ಮೊಟ್ಟೆ, ಸೋಯಾ ಇದ್ದರೆ ಹೊರಗೆ ಬರೆಯಬೇಕು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ ಹೇಳುತ್ತದೆ. ತೂಕ ಮಾಡಿ ಬಿಡಿಯಾಗಿ ಕೊಡುವಾಗಲೂ ಟ್ರೇ ಮುಂದೆ ಒಂದು ಚೀಟಿ ಅಂಟಿಸಿ. ಯಾವುದರಲ್ಲಿ ಗೇರುಬೀಜ ಇದೆ, ಯಾವುದನ್ನು ಅದೇ ಪಾತ್ರೆಯಲ್ಲಿ ಮಾಡಿದ್ದೀರಿ ಅಂತ ಕನ್ನಡದಲ್ಲಿ ಬರೆದರೆ ಸಾಕು. ಅದನ್ನು ಕೊಂಡು ಹುಟ್ಟುಹಬ್ಬಕ್ಕೆ ಶಾಲೆಗೆ ಕಳಿಸುವ ತಾಯಂದಿರೂ ಟೀಚರ್ ಹತ್ತಿರ ಹೇಳಿ ಕಳಿಸಬಹುದು, ಅಲ್ವಾ? ಈ ಜೂನ್‌ಗೆ ನನ್ನ ಮಗಳೂ ಶಾಲೆಗೆ ಸೇರುತ್ತಿದ್ದಾಳೆ.