ಸೇದಿದವರು ಸಿಗರೇಟು ಕಂಪನಿಯ ಮೇಲೆ ದಾವೆ ಹೂಡುವುದು ನ್ಯಾಯವೇ?

ಪರ

ಸಿಗರೇಟು ಕಂಪನಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ ರೋಗಿಯನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸೇದು ಎಂದು ನಿನಗೆ ಹೇಳಿದವರು ಯಾರು? ಉತ್ತರ ಕಂಪನಿಗಳ ಕಡತಗಳಲ್ಲಿಯೇ ಇದೆ. ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟು ಸುದ್ದಿಯಾಗುತ್ತಿದ್ದ 1954ರ ಜನವರಿಯಲ್ಲಿ ಅಮೆರಿಕದ ತಯಾರಕರು ನೂರಾರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ತಮ್ಮ ಸರಕು ಹಾನಿಕರವಲ್ಲವೆಂದು ನಂಬಿರುವುದಾಗಿ ಸಾರಿದರು. 1963ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ವಕೀಲರು ತಂಬಾಕಿನಲ್ಲಿರುವ ನಿಕೋಟಿನ್ ಚಟ ಹಿಡಿಸುವ ವಸ್ತುವೆಂದೂ ತಮ್ಮ ವ್ಯಾಪಾರ ಅದರದೇ ಎಂದೂ ಆಂತರಿಕ ಟಿಪ್ಪಣಿಯಲ್ಲಿ ಬರೆದಿಟ್ಟರು. ಹಾಗಿದ್ದೂ 1994ರಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುತ್ತದೆಂದು ತಾವು ನಂಬುವುದಿಲ್ಲ ಎಂದರು. ಸುಳ್ಳು ಹೇಳಿ ಮಾರಿದವನು ಕೊಂಡವನ ವಿವೇಕದ ಬಗ್ಗೆ ಉಪದೇಶ ಮಾಡುವುದು ವಿಚಿತ್ರ.

ಹದಿನಾರನೆಯ ವಯಸ್ಸಿಗೆ ಸಿಗರೇಟು ಹಿಡಿದ ನ್ಯೂಜೆರ್ಸಿಯ ರೋಸ್ ಸಿಪೊಲೋನ್ 1983ರಲ್ಲಿ ದಾವೆ ಹೂಡಿ, ಮರುವರ್ಷವೇ ತೀರಿಕೊಂಡರು. 1966ಕ್ಕೆ ಮೊದಲಿನ ಜಾಹೀರಾತುಗಳಲ್ಲಿ ಸಿಗರೇಟಿನಿಂದ ಹಾನಿಯಿಲ್ಲವೆಂದು ಲಿಗೆಟ್ ಕಂಪನಿ ಕೊಟ್ಟಿದ್ದ ಭರವಸೆ ಸುಳ್ಳೆಂದು ಕಂಡ ಜ್ಯೂರಿ (ತೀರ್ಪು ಕೊಡಲು ಆರಿಸಿದ ನಾಗರಿಕರ ಮಂಡಳಿ), 1988ರಲ್ಲಿ ಅವರ ಪತಿಗೆ 4 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಇಂಥ ದಾವೆಯಲ್ಲಿ ಹಣ ಕೊಡುವಂತೆ ಜ್ಯೂರಿ ಹೇಳಿದ್ದು ಅದೇ ಮೊದಲು. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ವಂಚನೆಯ ಆರೋಪವನ್ನು ಮುಂದುವರಿಸಬಹುದೆಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಮತ್ತೆ ಹೋರಾಡುವ ಶಕ್ತಿಯಿಲ್ಲದೆ ಕುಟುಂಬವೇ ಹಿಂದೆ ಸರಿಯಿತು. ತಾವು ಗೆಲ್ಲುವುದು ಎದುರಾಳಿಯ ಕೈ ಬರಿದಾಗುವವರೆಗೆ ಖರ್ಚು ಮಾಡಿಸಿಯೇ ಎಂದು ಆರ್.ಜೆ. ರೆನಾಲ್ಡ್ಸ್ ಎಂಬ ಇನ್ನೊಂದು ಸಿಗರೇಟು ಕಂಪನಿಯ ಪರ ವಕೀಲರೊಬ್ಬರು ಬರೆದದ್ದೂ ದಾಖಲೆಯಲ್ಲಿದೆ. ಇಷ್ಟಾದರೂ ಕಂಪನಿಯ ಬೀಗ ಹಾಕಿದ ಕಪಾಟು ತೆರೆಯುವುದು ದಾವೆ ಇದ್ದಾಗ ಮಾತ್ರ.

ಪ್ಯಾಕಿನ ಮೇಲೆ ಎಚ್ಚರಿಕೆ ಬಂದ ಮೇಲೆ ಸೇದಲು ಆರಂಭಿಸಿದವರ ಮಾತೇನು ಎಂದು ಕೆಲವರು ಕೇಳುವರು. ಅದು ಬೇರೆಯೇ ಚರ್ಚೆ.

ವಿರೋಧ

ಈ ಪಕ್ಷವನ್ನು ನನಗೆ ವಹಿಸಲಾಗಿದೆ. ಕಂಪನಿಗಳು ಸತ್ಯಸಂಧವೆಂದು ವಾದಿಸುವ ಹೊಣೆಯನ್ನು ಮಾತ್ರ ನಾನು ಹೊತ್ತಿಲ್ಲ. ಸಿಪೊಲೋನ್ ಪ್ರಕರಣವನ್ನು ಅಷ್ಟು ವಿವರವಾಗಿ ಹೇಳಿದವರು, ಅದೇ ಜ್ಯೂರಿ ಶೇಕಡ 80ರಷ್ಟು ಹೊಣೆಯನ್ನು ಆಕೆಯ ಮೇಲೆಯೇ ಹೊರಿಸಿತ್ತೆಂಬುದನ್ನು ಬಿಟ್ಟಿದ್ದಾರೆ. ಅಮೆರಿಕದ ಪ್ಯಾಕುಗಳ ಮೇಲೆ 1966ರಿಂದ ಎಚ್ಚರಿಕೆ ಇದೆ. ಬಿಡಿಬಿಡಿ ದಾವೆಗಳಿಂದ ಸಿಗುವ ಪರಿಹಾರವೂ ಲಾಟರಿಯಂತೆಯೇ: 2002ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಒಬ್ಬ ಮಹಿಳೆಗೆ ದಂಡರೂಪದಲ್ಲಿ 2,800 ಕೋಟಿ ಡಾಲರ್ ಕೊಡಿಸಿತು, ನ್ಯಾಯಾಧೀಶರು ಅದನ್ನು 2.8 ಕೋಟಿಗೆ ಇಳಿಸಿದರು. ಅದೇ ರೋಗದಿಂದ ನರಳುವ ಬಹುತೇಕರಿಗೆ ಒಂದು ಕಾಸೂ ಇಲ್ಲ. ಸಿಗರೇಟಿನ ಮೇಲಿನ ತೆರಿಗೆಯಾದರೆ ಎಲ್ಲರನ್ನೂ ಸಮನಾಗಿ ತಟ್ಟುತ್ತದೆ.

ನನಗೆ ಹೇಳಬೇಕೆನಿಸುವುದು ನನ್ನ ಅಣ್ಣನ ವಿಷಯ. ಆತ ಇಪ್ಪತ್ತೆಂಟು ವರ್ಷ ಸೇದಿದ. ರೋಗ ಪತ್ತೆಯಾದಾಗ ಪರಿಚಯದ ವಕೀಲರೊಬ್ಬರು, ದಾವೆ ಹೂಡೋಣ, ಶುಲ್ಕ ಆಮೇಲೆ ನೋಡಿಕೊಂಡರಾಯಿತು ಎಂದರು. ಅಣ್ಣ ಕೆಮ್ಮಿನ ನಡುವೆಯೇ ನಕ್ಕ. "ಪ್ಯಾಕಿನ ಮೇಲಿನ ಚಿತ್ರ ಕಾಣದಿರಲೆಂದು ನಾನು ಸಿಗರೇಟನ್ನು ಬೇರೆ ಡಬ್ಬಿಗೆ ತುಂಬಿಕೊಳ್ಳುತ್ತಿದ್ದೆ. ನನಗೆ ಯಾರೂ ಹೇಳಲಿಲ್ಲ ಎಂದು ಯಾವ ಬಾಯಿಂದ ಹೇಳಲಿ?" ಎಂದು ಕೇಳಿದ. ಆ ತಗಡಿನ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ, ಅದರಲ್ಲಿ ಗುಂಡುಪಿನ್ನುಗಳನ್ನು ಹಾಕಿಡುತ್ತೇನೆ. ತನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಹೋದವನ ಘನತೆಯನ್ನು ಯಾವ ಪರಿಹಾರದ ಮೊತ್ತವೂ ತಂದುಕೊಡಲಾರದೆಂದು ನಾನು ನಂಬುತ್ತೇನೆ. ಕನಿಷ್ಠ, ನಂಬಲು ಬಯಸುತ್ತೇನೆ.

ಆತ ಮೂರು ಸಲ ಬಿಟ್ಟು, ಮೂರು ಸಲವೂ ಮತ್ತೆ ಹಿಡಿದಿದ್ದ. ಇದನ್ನು ಎದುರು ಪಕ್ಷದವರು ತಮ್ಮ ವಾದಕ್ಕೆ ಬಳಸಿಕೊಳ್ಳುವುದಾದರೆ ನಾನು ತಡೆಯುವುದಿಲ್ಲ.