ಹೋದೆಯಾ ಗುಳ್ಳೆ ಎಂದರೆ ಬಂದೆ ಸಿಲಿಂಡರಿನಲ್ಲಿ

ಪೋರ್ಚುಗಲ್‌ನ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಕಡಲಿಗೆ ಆತುಕೊಂಡ ಸೀಮೆಯ ವೈನಿಗೆ ವಿನ್ಯೊ ವೆರ್ದೆ ಎಂದು ಹೆಸರು. ಅರ್ಥ ಹಸಿರು ವೈನ್, ಬಣ್ಣ ಬಿಳಿ. ಕೆಂಪೂ ಉಂಟು, ಗುಲಾಬಿಯೂ ಉಂಟು, ಇಲ್ಲದ್ದು ಹಸಿರೊಂದೇ. ಊರಿನ ಹಸಿರಿನಿಂದ ಬಂದ ಹೆಸರು ಎಂದು ಒಂದು ಬಣ, ಎಳೆಯದಾಗಿ ಕುಡಿಯುವುದರಿಂದ ಬಂದದ್ದು ಎಂದು ಇನ್ನೊಂದು. ಕನ್ನಡದವರಾಗಿದ್ದರೆ ‘ರು’ ಕಿತ್ತುಹಾಕಿ ‘ಹಸಿ ವೈನ್’ ಎಂದು ವ್ಯಾಜ್ಯ ಮುಗಿಸುತ್ತಿದ್ದರು. 1908ರಲ್ಲಿ ಗಡಿ ಗುರುತಿಸಿಕೊಂಡ ಪ್ರದೇಶವಿದು. ಗಡಿ ಗಟ್ಟಿ, ಹೆಸರು ಮಾತ್ರ ಇನ್ನೂ ವಿಚಾರಣೆಯಲ್ಲಿದೆ.

ಅಸಲು ತಮಾಷೆ ಗುಳ್ಳೆಯದು. ಅಲ್ಲಿ ಮಳೆ ಜಾಸ್ತಿ. ಹಿಂದಿನವರು ಬಳ್ಳಿಯನ್ನು ಚಪ್ಪರಕ್ಕೋ ಮರಕ್ಕೋ ಹಬ್ಬಿಸಿ, ಕೆಳಗೆ ಮೆಕ್ಕೆಜೋಳ, ತರಕಾರಿ ಬೆಳೆಯುತ್ತಿದ್ದರು. ಹಣ್ಣು ಪೂರ್ತಿ ಮಾಗದೆ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಉಳಿಯುತ್ತಿತ್ತು. ಚಳಿಯಲ್ಲಿ ತುಂಬಿಟ್ಟ ಬಾಟಲಿಗೆ ವಸಂತದ ಬಿಸಿ ತಾಗಿದ್ದೇ ತಡ, ಬ್ಯಾಕ್ಟೀರಿಯಾ ಎದ್ದು ಕೂರುತ್ತಿದ್ದವು: 1 ಗ್ರಾಂ ಮ್ಯಾಲಿಕ್ ತಿಂದು ಸುಮಾರು 0.67 ಗ್ರಾಂ ಲ್ಯಾಕ್ಟಿಕ್ ಆಮ್ಲ, 0.33 ಗ್ರಾಂ ಇಂಗಾಲದ ಡೈಆಕ್ಸೈಡ್. ನಾಲಿಗೆಗೆ ಚುರುಕ್ ಅನ್ನಿಸುತ್ತಿದ್ದದ್ದು ಈ ಅನಿಲವೇ. ಜೊತೆಗೆ ಮಬ್ಬು, ತಳದಲ್ಲಿ ಗಷ್ಟು.

ಇದು ದೋಷ ಎಂದರು ಓದಿದವರು. ಸ್ಟೀಲ್ ಟ್ಯಾಂಕ್ ಬಂತು, ತಣ್ಣಗೆ ಹುದುಗಿಸುವುದು ಬಂತು, ಗಂಧಕದ ಡೈಆಕ್ಸೈಡ್ ಬಂತು, 0.45 ಮೈಕ್ರಾನ್ ಫಿಲ್ಟರ್ ಬಂತು. ಬ್ಯಾಕ್ಟೀರಿಯಾ ಹೋದವು, ಗುಳ್ಳೆಯೂ ಹೋಯಿತು. ವೈನ್ ಕನ್ನಡಿಯ ಹಾಗೆ ತಿಳಿ. ಗಿರಾಕಿ ಒಂದು ಗುಟುಕು ಕುಡಿದು ಕೇಳಿದ: ಗುಳ್ಳೆ ಎಲ್ಲಿ ಸ್ವಾಮಿ?

ಓಡಿಸಲು ಒಂದು ಬಿಲ್, ಕರೆತರಲು ಇನ್ನೊಂದು. ಈಗ ಎಷ್ಟೋ ಕಡೆ ಬಾಟಲಿಗೆ ತುಂಬುವ ಹೊತ್ತಿಗೆ ಸಿಲಿಂಡರಿನಿಂದ ಅನಿಲ ಕೊಡುತ್ತಾರೆ, ಗೋಲಿ ಸೋಡಾದ ದೊಡ್ಡಪ್ಪನ ಮಗನ ಹಾಗೆ. ವೈನ್ ಚೆನ್ನಾಗಿ ತಣ್ಣಗಿರಬೇಕು. ಬೆಚ್ಚಗಿದ್ದರೆ ಅನಿಲ ಕರಗದೆ ನೊರೆಯಾಗಿ ಬಾಯಿಂದ ಉಕ್ಕಿ, ಬಾಟಲಿ ಅರೆಬರೆ ತುಂಬುತ್ತದೆ. ಅನಿಲ ಹೊಕ್ಕರೆ ಹುಳಿ ಇನ್ನಷ್ಟು ಚೂಪು. ಅದನ್ನು ಮೊಂಡು ಮಾಡಲು ಲೀಟರಿಗೆ ಹತ್ತು ಗ್ರಾಮಿನ ಆಸುಪಾಸು ಸಕ್ಕರೆ ಉಳಿಸಿಕೊಳ್ಳುವವರೂ ಉಂಟು. ಸಕ್ಕರೆ ಇದ್ದರೆ ತಪ್ಪಿಸಿಕೊಂಡ ಯೀಸ್ಟ್ ಮತ್ತೆ ಹುದುಗೆಬ್ಬಿಸುತ್ತದೆ. ಹಾಗಾಗಿ ಫಿಲ್ಟರಿಗೆ ಇನ್ನೂ ಕಾವಲು ಕೆಲಸ.

ಗುಳ್ಳೆಗೆ ಕಾನೂನಿನ ಅಂಕೆಯೂ ಇದೆ. ಯುರೋಪಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ 1 ಬಾರ್ ಮುಟ್ಟಿದರೆ ಅದು ‘ಅರೆ ಗುಳ್ಳೆ’ ವೈನ್. 0.9 ಇದ್ದರೆ ‘ನಿಶ್ಚಲ’, ಅಂದರೆ ಲೆಕ್ಕಕ್ಕೆ ಗುಳ್ಳೆಯಿಲ್ಲದ ವೈನ್. ಅಮೆರಿಕದಲ್ಲಿ 100 ಮಿಲಿ ಲೀಟರಿಗೆ ಅನಿಲ 0.392 ಗ್ರಾಂ ದಾಟಿದರೆ ತೆರಿಗೆಯೇ ಬೇರೆ. ಎಂದಮೇಲೆ ಗುಳ್ಳೆ ನಾಲಿಗೆಗೆ ಕಾಣಬೇಕು, ತೆರಿಗೆಯವನಿಗೆ ಕಾಣಬಾರದು.

ದ್ರಾಕ್ಷಿ ತಳಿಗಳ ಮಿಶ್ರಣದ ಲೆಕ್ಕ ಸರಳ: ಪರಿಮಳಕ್ಕೆ ಲೊರೆಯ್ರೊ, ಹುಳಿಗೆ ಅರಿಂತೊ, ಮೈಕಟ್ಟಿಗೆ ಟ್ರಜಡೂರ. ಟ್ರಜಡೂರ ಕೊಯ್ಯುವುದು ತಡವಾದರೆ ಹುಳಿ ಇಳಿದು ವೈನ್ ಸಪ್ಪೆ. ಲೇಬಲ್ಲಿನ ಲೆಕ್ಕ ಮಾತ್ರ ಸರಳವಲ್ಲ. ಒಂದೇ ತಳಿಯ ಹೆಸರು ಬರೆದರೆ ಅದು ಶೇ. 85 ಇದ್ದರೆ ಸಾಕು, ಮಿಕ್ಕ 15 ಯಾರೆಂದು ಕೇಳುವವರಿಲ್ಲ. ಎರಡು ತಳಿಯ ಹೆಸರು ಬರೆದಿರೋ, ಆ ಎರಡೇ ಸೇರಿ ಪೂರ್ತಿ ನೂರಾಗಬೇಕು, ಮೂರನೆಯದು ಶೇ. 5 ಕಂಡರೂ ತಪ್ಪು. ಒಂದು ನಿಜ ಹೇಳಿದವನಿಗೆ ರಿಯಾಯಿತಿ, ಎರಡು ಹೇಳಿದವನಿಗೆ ತಪಾಸಣೆ. ಇನ್ನು ಅಲ್ವರಿನ್ಯೊ ತಳಿ ಮಿನ್ಯೊ ನದಿ ದಾಟಿ ಸ್ಪೇನಿಗೆ ಹೋದರೆ ಅಲ್ಬರಿನ್ಯೊ. ಹೊಳೆ ದಾಟಲು ಒಂದಕ್ಷರದ ಸುಂಕ.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ, ಎಳೆಯದಾಗಿಯೇ ಕುಡಿಯಬೇಕಾದ ಈ ವೈನಿನ ಎಷ್ಟೋ ಅಗ್ಗದ ಬಾಟಲಿಗಳ ಮೇಲೆ ಕೊಯ್ಲಿನ ವರ್ಷವೇ ಇರುವುದಿಲ್ಲ. ಹಾಲಿನ ಪ್ಯಾಕೆಟ್ಟಿಗೂ ತಾರೀಖು ಉಂಟು. ಇಲ್ಲಿ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ, ‘ಎಲ್’ ಅಕ್ಷರದ ಮುಂದೆ ಇರುವೆ ಸಾಲಿನಂತೆ ಅಚ್ಚಾದ ಲಾಟ್ ನಂಬರು ಹುಡುಕಬೇಕು. ಅದೂ ಅರ್ಥವಾಗದಿದ್ದರೆ ಬಗ್ಗಿಸಿ ನೋಡಿ: ಬಣ್ಣ ಹೊಂಬಣ್ಣಕ್ಕೆ ತಿರುಗಿ, ಗುಳ್ಳೆ ಏಳದೆ, ಹೆಚ್ಚಿಟ್ಟ ಸೇಬಿನ ವಾಸನೆ ಬಂದರೆ ನಿಮ್ಮ ಹಸಿರು ವೈನಿಗೆ ವಯಸ್ಸಾಗಿದೆ.