ಖಾಲಿ ಜಾಗಕ್ಕೆ ಬಾಡಿಗೆ ಕಟ್ಟಿ ಸಾಕಾಗಿದೆ

ಈ ತಿಂಗಳ ಕ್ಲೌಡ್ ಬಿಲ್, ಅಂದ್ರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ತಗೊಂಡ ಕಂಪ್ಯೂಟರ್‌ನ ಬಿಲ್, ಬಂತು. ನೋಡಿ ತಲೆ ಕೆಟ್ಟು ಕೂತಿದ್ದೇನೆ. ಟೊಮೆಟೊ ಸೀಸನ್ ಮುಗಿದು ಎಷ್ಟೋ ದಿನ ಆಯ್ತು. ಮಾರ್ಕೆಟ್‌ನಲ್ಲಿ ನಾಯಿಗಳು ನೆರಳಲ್ಲಿ ನೆಮ್ಮದಿಯಾಗಿ ಮಲಗಿವೆ. ಲೆಕ್ಕ ಎಲ್ಲಾ ಕೂಡಿಡೋ ನಮ್ಮ ಡೇಟಾಬೇಸ್‌ನ ಬಿಲ್ ಮಾತ್ರ ಇನ್ನೂ ಜುಲೈ ತಿಂಗಳಲ್ಲೇ ಇದೆ.

ಕೋಲಾರ ಎಪಿಎಂಸಿಯ ಕೆಲವು ಟೊಮೆಟೊ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲಸ. ರೈತ ಎಷ್ಟು ಬಾಕ್ಸ್ ತಂದ, ಹರಾಜಲ್ಲಿ ಯಾವ ರೇಟಿಗೆ ಹೋಯ್ತು, ಕೂಲಿ ಬಾಡಿಗೆ ಕಳೆದು ಕೈಗೆ ಎಷ್ಟು ಬಂತು, ಅಷ್ಟೇ. ಸೀಸನ್‌ನಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಆಮೇಲೆ ಎಲ್ಲಾ ತಣ್ಣಗಾಗುತ್ತೆ. ಅದಕ್ಕೇ ಅಲ್ವಾ ಕ್ಲೌಡ್‌ಗೆ ಹೋಗಿದ್ದು? ಬೇಕಾದಾಗ ಹಿಗ್ಗಿಸಿ, ಬೇಡವಾದಾಗ ಕುಗ್ಗಿಸಿ, ಬಳಸಿದಷ್ಟಕ್ಕೆ ಮಾತ್ರ ದುಡ್ಡು ಕೊಡಿ ಅಂದಿದ್ದರು. ನಾನೂ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡೆ.

ಜುಲೈನಲ್ಲಿ ಒಂದು ಬೆಳಗ್ಗೆ, ಹರಾಜು ಜೋರಾಗಿ ನಡೀತಿರುವಾಗ, ಮಂಡಿ ಹುಡುಗ ಫೋನ್ ಮಾಡಿದ. "ಅಣ್ಣಾ, ಸುಮ್ನೆ ಸುತ್ತುತ್ತಾ ಇದೆ, ಎಂಟ್ರಿ ಆಗ್ತಿಲ್ಲ." ಸಿಸ್ಟಂ ತಾನೇ ಬರೆದಿಡೋ ಲಾಗ್ ತೆಗೆದರೆ ಸಾಲಾಗಿ ಒಂದೇ ಮಾತು: "ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ." ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಹಾಗೇ ಹೇಳೋದು, ಸಾರಿ ಕೇಳಿಯೇ ಬಾಗಿಲು ಹಾಕುತ್ತೆ. ಅದರಲ್ಲಿ ಒಂದೊಂದು ಕನೆಕ್ಷನ್ನೂ ಒಂದೊಂದು ಬೇರೆ ಪ್ರೊಸೆಸ್, ಅಂದ್ರೆ ಬೇರೆಯಾಗೇ ಓಡೋ ಪ್ರೋಗ್ರಾಂ. ಪ್ರತಿಯೊಂದೂ ತನ್ನ ಪಾಲಿನ ಮೆಮೊರಿ ತಿನ್ನುತ್ತೆ. ಏನೂ ಬದಲಾಯಿಸದಿದ್ದರೆ ಮಿತಿ 100. ನಮ್ಮ ಆಪ್ ಒಂದು ಸಲ ಒತ್ತಿದರೆ ಒಂದು ಕನೆಕ್ಷನ್ ತೆರೆದು ಹಾಗೇ ಬಿಟ್ಟು ಹೋಗ್ತಿತ್ತು. ಅದು ನಮ್ಮದೇ ದಡ್ಡತನ, ಒಪ್ಪಿಕೊಳ್ತೀನಿ. ಆಮೇಲೆ ಮಧ್ಯೆ ಪಿಜಿಬೌನ್ಸರ್ ಅನ್ನೋ, ಇರೋ ಕನೆಕ್ಷನ್‌ಗಳನ್ನೇ ಎಲ್ಲರಿಗೂ ಹಂಚೋ ಸಾಫ್ಟ್‌ವೇರ್ ಕೂರಿಸಿದೆ, ಈಗ ಇಪ್ಪತ್ತು ಕನೆಕ್ಷನ್‌ನಲ್ಲಿ ಎಲ್ಲಾ ಮಂಡಿ ನಡೆಯುತ್ತೆ. ಆದರೆ ಆ ಹೊತ್ತಿನಲ್ಲಿ ಅದೆಲ್ಲಾ ಯಾರಿಗೆ ಹೊಳೆಯುತ್ತೆ? ಮೆಷಿನ್ ಸೈಜ್ ಜಾಸ್ತಿ ಮಾಡೋ ಬಟನ್ ಕಣ್ಣಿಗೆ ಬಿತ್ತು, ಒತ್ತಿದೆ.

ಸೈಜ್ ಬದಲಾದರೆ ಡೇಟಾಬೇಸ್ ರೀಸ್ಟಾರ್ಟ್ ಆಗುತ್ತೆ ಅಂತ ಅಲ್ಲೇ ಇರುವೆ ಸಾಲಿನ ಹಾಗೆ ಸಣ್ಣದಾಗಿ ಬರೆದಿತ್ತಂತೆ. ಮೊದಲು ನಿಧಾನವಾಗಿತ್ತು, ಈಗ ಪೂರ್ತಿ ನಿಂತಿತು. ಆರು ನಿಮಿಷ. ಹರಾಜು ಕೂಗೋರು ಆರು ನಿಮಿಷ ಕಾಯ್ತಾರಾ? ಹುಡುಗರು ಹಳೇ ಪೇಪರ್ ಹರಿದು ರೇಟ್ ಬರೆದುಕೊಂಡರು. ಅದರಲ್ಲಿ ಒಂದು ಚೀಟಿ ಕಳೆದೇ ಹೋಯ್ತು. ಶ್ರೀನಿವಾಸಪುರ ಕಡೆಯ ರೈತರೊಬ್ಬರು 32 ಬಾಕ್ಸ್‌ ಲೆಕ್ಕಕ್ಕೆ ಸಂಜೆವರೆಗೂ ಮಂಡಿ ಕಟ್ಟೆ ಮೇಲೆ ಕೂತಿದ್ದರು. ಬೈಯಲಿಲ್ಲ, ಸುಮ್ಮನೆ ನನ್ನನ್ನೇ ನೋಡ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. 2023ರ ಜುಲೈನಲ್ಲಿ ಇದೇ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆವಾಗ ಹೀಗಾಗಿದ್ದರೆ ನನ್ನನ್ನು ಲಾರಿಗೆ ಕಟ್ಟಿ ಕಳಿಸ್ತಿದ್ದರು.

ಕ್ಲೌಡ್ ಕಂಪನಿಯ ಸಪೋರ್ಟ್‌ಗೆ ಬರೆದೆ. ಸ್ಟ್ಯಾಂಡ್‌ಬೈ ಇಟ್ಟುಕೊಳ್ಳಿ, ಆಗ ಇಷ್ಟು ಹೊತ್ತು ನಿಲ್ಲಲ್ಲ ಅಂದರು. ಸ್ಟ್ಯಾಂಡ್‌ಬೈ ಅಂದ್ರೆ ಅಷ್ಟೇ ದೊಡ್ಡ ಇನ್ನೊಂದು ಮೆಷಿನ್. ಅದಕ್ಕೂ ಅಷ್ಟೇ ದುಡ್ಡು. ಥ್ಯಾಂಕ್ಸ್.

ಇಷ್ಟಾದರೂ ಸಾಯಂಕಾಲದ ರಿಪೋರ್ಟ್ ತೆವಳ್ತಾನೇ ಇತ್ತು. ಮತ್ತೆ ಸೈಜ್ ಏರಿಸಿದೆ. ಒಂದು ಮೆಟ್ಟಿಲು ಏರಿದರೆ ಮೆಮೊರಿ ಎರಡರಷ್ಟು, ರೇಟೂ ಎರಡರಷ್ಟು. ಕೊನೆಗೆ ಕೂತು ನೋಡಿದರೆ ತಾರೀಖಿನ ಕಾಲಂಗೆ ಇಂಡೆಕ್ಸೇ, ಅಂದ್ರೆ ಬೇಗ ಹುಡುಕೋಕೆ ಬೇಕಾದ ಸೂಚಿಯೇ, ಇಲ್ಲ! ಇವತ್ತಿನ ಲೆಕ್ಕ ಕೇಳಿದರೆ ಮೂರು ವರ್ಷದ ಎಲ್ಲಾ ಸಾಲನ್ನೂ ಒಂದೊಂದಾಗಿ ಓದ್ತಿತ್ತು. ಇಂಡೆಕ್ಸ್ ಮಾಡೋಕೆ ಒಂದು ಸಾಲಿನ ಕಮಾಂಡ್ ಕೊಟ್ಟೆ, ರಿಪೋರ್ಟ್ ರೆಪ್ಪೆ ಮಿಟುಕಿಸೋದ್ರಲ್ಲಿ ಬಂತು. ಸಪೋರ್ಟ್‌ನವರು ಅಷ್ಟು ಸಲ ಮಾತಾಡಿದರಲ್ಲ, "ಮೊದಲು ನೀವು ಡೇಟಾಬೇಸ್‌ಗೆ ಕೇಳೋ ಕ್ವೆರಿ ನೋಡಿಕೊಳ್ಳಿ" ಅಂತ ಒಬ್ಬರಾದರೂ ಹೇಳಿದರಾ? ದೊಡ್ಡ ಮೆಷಿನ್ ಮಾರೋರು ಯಾಕೆ ಹೇಳ್ತಾರೆ ಬಿಡಿ.

ಸೀಸನ್ ಇಳಿದ ಮೇಲೆ ಮೆಷಿನ್ ಸೈಜ್ ಇಳಿಸಿದೆ. ಅದಾಯ್ತು. ಡಿಸ್ಕ್ ಇಳಿಯಲ್ಲ! ನನ್ನ ಹೊಟ್ಟೆ ಉರಿಯೋದು ಇಲ್ಲಿ. ಸ್ಟೋರೇಜ್ ತಾನಾಗೇ ಬೆಳೀಲಿ ಅಂತ ಒಂದು ಟಿಕ್ ಹಾಕಿದ್ದೆ. ಗಡಿಬಿಡಿಯಲ್ಲಿ ತಪ್ಪು ಹುಡುಕೋಕೆ ಬರೆಸೋ ಡೀಬಗ್ ಲಾಗನ್ನು ಡೇಟಾಬೇಸ್‌ನ ಒಂದು ಟೇಬಲ್‌ಗೆ ತಿರುಗಿಸಿ ಮರೆತುಬಿಟ್ಟೆ. 100 ಜಿಬಿ ಇದ್ದದ್ದು 340 ಜಿಬಿ ಆಗಿ ಕೂತಿದೆ. ಕಸ ಎಲ್ಲಾ ಅಳಿಸಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಮಾಡಿದರೆ ಜಾಗ ಡಿಸ್ಕಿಗೆ ವಾಪಸ್ ಬರಲ್ಲ, ವ್ಯಾಕ್ಯೂಮ್ ಫುಲ್ ಅನ್ನೋ ಕಮಾಂಡ್ ಓಡಿಸಬೇಕು, ಅದು ಮುಗಿಯೋವರೆಗೂ ಟೇಬಲ್‌ಗೆ ಬೀಗ. ಅದನ್ನೂ ಓಡಿಸಿದೆ. ಜಾಗ ಖಾಲಿ ಆಯ್ತು. ಬಿಲ್ 340ಕ್ಕೇ ಬರ್ತಿದೆ. ಹಿಗ್ಗಿದ ಡಿಸ್ಕನ್ನು ಕುಗ್ಗಿಸೋ ಬಟನ್ನೇ ಇಲ್ಲ.

ಮಂಡಿ ಯಜಮಾನರಿಗೆ ವಿವರಿಸೋಕೆ ಹೋದೆ. "ಖಾಲಿ ಬಾಕ್ಸ್ ವಾಪಸ್ ಕೊಟ್ಟ ಮೇಲೂ ಬಾಡಿಗೆ ಕೇಳ್ತಾರಾ?" ಅಂದರು. ನಾನು ಬೋರ್‌ವೆಲ್ ಕಥೆ ಹೇಳಿದೆ, 1,500 ಅಡಿ ಕೊರೆಸಿದ ಮೇಲೆ ನೀರು 900 ಅಡಿಗೇ ಸಿಕ್ತು ಅಂತ ಗೊತ್ತಾದರೆ ಉಳಿದ 600 ಅಡಿ ವಾಪಸ್ ಕೊಡೋಕೆ ಆಗುತ್ತಾ ಅಂತ. "ಆಗಲ್ಲ. ಆದರೆ ಬೋರ್‌ವೆಲ್‌ಗೆ ತಿಂಗಳು ತಿಂಗಳು ದುಡ್ಡು ಕೊಡಲ್ವಲ್ಲಪ್ಪ" ಅಂದರು. ಏನು ಹೇಳ್ಲಿ?

ನನಗೆ ಗೊತ್ತಿರೋ ದಾರಿ ಒಂದೇ. ಹೊಸದಾಗಿ ಸಣ್ಣ ಡೇಟಾಬೇಸ್ ಮಾಡಿ, ಹಳೇದರ ಡಂಪ್, ಅಂದ್ರೆ ಪೂರ್ತಿ ನಕಲು, ತೆಗೆದು, ಅಲ್ಲಿ ತುಂಬಿ, ಎಲ್ಲಾ ಆಪ್‌ಗೂ ವಿಳಾಸ ಬದಲಾಯಿಸಬೇಕು. ಒಂದು ರಾತ್ರಿ ಪೂರ್ತಿ ನಿದ್ದೆ ಕೆಡಬೇಕು. ಹಿಗ್ಗೋಕೆ ಒಂದು ಟಿಕ್ ಸಾಕಿತ್ತು! ಎರಡು ತಿಂಗಳಿಂದ ಮುಂದೂಡ್ತಾ ಡಾಲರ್ ಲೆಕ್ಕದಲ್ಲಿ, ಮೇಲೆ 18% ಜಿಎಸ್‌ಟಿ ಸೇರಿಸಿ, ಖಾಲಿ ಜಾಗಕ್ಕೆ ಕಟ್ಟುತ್ತಿದ್ದೇನೆ.

ಇವತ್ತಿನ ಬಿಲ್‌ನಲ್ಲಿ ಇನ್ನೊಂದು ಸಿಕ್ತು. ಟೆಸ್ಟ್‌ಗೆ ಅಂತ ಇಟ್ಟಿದ್ದ ಡೇಟಾಬೇಸನ್ನು ಸ್ಟಾಪ್ ಮಾಡಿದ್ದೆ. ಏಳು ದಿನ ಆದ ಮೇಲೆ ಅದು ತಾನಾಗೇ ಎದ್ದು ಓಡುತ್ತಂತೆ, ಅದೇ ನಿಯಮವಂತೆ. ಮೂರು ವಾರದಿಂದ ಯಾರೂ ಮುಟ್ಟದೆ ಓಡ್ತಾ ಇದೆ. ಈಗಷ್ಟೇ ಮತ್ತೆ ನಿಲ್ಲಿಸಿದೆ. ಫೋನ್‌ನಲ್ಲಿ ಪ್ರತಿ ಬುಧವಾರ ರಾತ್ರಿಗೆ ಅಲಾರಂ ಇಟ್ಟಿದ್ದೇನೆ. ಹೆಂಡತಿ ನೋಡಿ "ಏನದು, ಮಾತ್ರೆ ತಗೊಳ್ಳೋದಾ?" ಅಂತ ಕೇಳಿದಳು. ಹೂಂ ಅಂದೆ.